ಸ್ತಾನ್ಕಾಳ ಕೊನೆಯ ಹೆಪ್ಪು

ಗಡಿಗೆಯ ಮುಚ್ಚಳ ತೆಗೆದ ರುಸ್ಕಾ ಚೀರಿದ್ದು ಪಕ್ಕದ ಮನೆಯಲ್ಲಿ ಹಿಟ್ಟು ನಾದುತ್ತಿದ್ದ ನನಗೂ ಕೇಳಿಸಿತು. ಕೈ ಒರೆಸಿಕೊಂಡು ಓಡಿದೆ. ಹಾಲಿನ ಡೇರಿಯಲ್ಲಿ ಮೂವತ್ತು ವರ್ಷ ಹಾಲು ಪರೀಕ್ಷಿಸಿ ನಿವೃತ್ತಳಾದ ಪೇನಾ ಚಿಕ್ಕಮ್ಮನೂ ನನ್ನ ಹಿಂದೆಯೇ ಬಂದಳು.

ಮೊಸರು ಹಾಳಾಗಿತ್ತು. ಒಡೆದು ಮೇಲೆದ್ದಿತ್ತು, ಮೂಗಿಗೆ ಚುಚ್ಚುವ ಹುಳಿ ನಾತ.

ಬರೀ ಮೊಸರಾಗಿದ್ದರೆ ಯಾರು ಅಳುತ್ತಿದ್ದರು? ಸ್ತಾನ್ಕಾ ಮದುವೆಯಾಗಿ ಬಂದಾಗ ತವರಿನಿಂದ ತಂದ ಹೆಪ್ಪು ಅದು. ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ — ಹೀಗೆ ನಲವತ್ತಾರು ವರ್ಷ ಬದುಕಿತ್ತು. ಅವಳು ಸತ್ತು ನಾಳೆಗೆ ನಲವತ್ತು ದಿನ. ಆ ದಿನದ ಸ್ಮರಣೆಯ ಊಟದ ಮೇಜಿಗೆ ಅವಳದೇ ಮೊಸರು ಬೇಕೆಂದು ಇದ್ದ ಹೆಪ್ಪನ್ನೆಲ್ಲ ಈ ಗಡಿಗೆಗೇ ಹಾಕಿದ್ದರು.

"ಇವಳದೇ ಕೆಲಸ!" ಸ್ತಾನ್ಕಾಳ ಮಗಳು ರುಸ್ಕಾ ಅತ್ತಿಗೆಯತ್ತ ಬೆರಳು ಮಾಡಿದಳು. "ವಿನೆಗರ್ ಸುರಿದಿದ್ದಾಳೆ. ನಾಳೆ ಊಟ ಮುಗೀಲಿ, ಇವಳು ಈ ಮನೆಯಿಂದ ಹೊರಗೆ!"

ಸೆವ್ದಾ ಗಂಡ ಸತ್ತ ಮೇಲೂ ಅತ್ತೆಯ ಬಳಿಯೇ ಉಳಿದ ಸೊಸೆ. ಹೋಗಲು ಬೇರೆ ಮನೆಯಿಲ್ಲ. ಅವಳು ತಲೆ ತಗ್ಗಿಸಿ ನಿಂತಳು. ಮೂಲೆಯಲ್ಲಿ ಸ್ತಾನ್ಕಾಳ ಗಂಡ, ಸೆವ್ದಾಳ ಮಾವ ಮಾನೋಲ್ ಕೂತಿದ್ದ. ಸ್ವೆಟರಿಗೆ ಅಂಟಿದ್ದ ಕೆಂಪು ಎಳೆಯೊಂದನ್ನು ಕೀಳುತ್ತಿದ್ದ.

"ನಿನ್ನ ಬಾಯಿಗಿಂತ ಈ ಮೊಸರೇ ವಾಸಿ ಕಣೇ ರುಸ್ಕಾ," ಎಂದಳು ಪೇನಾ. ಗಡಿಗೆಯನ್ನು ಬೆಳಕಿಗೆ ಹಿಡಿದಳು. "ಸೆವ್ದಾ, ಯಾವಾಗ ಹೆಪ್ಪು ಹಾಕಿದ್ದೆ?"

"ಮೊನ್ನೆ ಸಂಜೆ, ಚಿಕ್ಕಮ್ಮಾ. ಅತ್ತೆಯ ಶಾಲು ಸುತ್ತಿ ಇಟ್ಟು ಕುರಿ ಕಟ್ಟೋಕೆ ಹೋದೆ."

"ಮತ್ತೆ ಈ ಗೋಣಿಚೀಲ?"

"ಬಂದು ನೋಡಿದಾಗ ಇದೇ ಸುತ್ತಿತ್ತು. ರುಸ್ಕಾ ಬದಲಾಯಿಸಿರಬೇಕು ಅಂದ್ಕೊಂಡೆ. ನಿನ್ನೆ ಹೆಪ್ಪುಗಟ್ಟಿರಲಿಲ್ಲ, ಇನ್ನೊಂದು ದಿನ ಬಿಟ್ಟೆ."

"ನಾನ್ಯಾಕೆ ಗೋಣಿ ಮುಟ್ಟಲಿ?" ರುಸ್ಕಾ ಸಿಡುಕಿದಳು.

ಪೇನಾ ಮೊಳೆಗೆ ತೂಗುಹಾಕಿದ್ದ ಮರದ ಸೌಟು ತೆಗೆದು ನಾಲಿಗೆಗೆ ತಾಗಿಸಿದಳು. ಮುಖ ಕಿವುಚಿದಳು.

"ಉಪ್ಪು. ಕೋಸು ಹುಳಿಬರೋಕಿಟ್ಟ ಪೀಪಾಯಿಯ ಉಪ್ಪುನೀರನ್ನ ದಿನಾ ಕೆಳಗಿಂದ ಇಳಿಸಿ ಈ ಸೌಟಲ್ಲಿ ಮೇಲೆ ಸುರಿಯೋದು ಯಾರು?"

ಅದು ಮಾನೋಲನ ಕೆಲಸವೆಂದು ಬೀದಿಗೆಲ್ಲ ಗೊತ್ತು.

"ಇಲ್ನೋಡು," ಪೇನಾ ಮೊಸರನ್ನು ಚಾಕುವಿನಿಂದ ಸೀಳಿದಳು. ಒಳಗೆಲ್ಲ ತೂತು. "ವಿನೆಗರ್ ಹಾಲು ಒಡೆಸುತ್ತೆ, ತೂತು ಮಾಡಲ್ಲ. ಹಾಲಿನ ಸಕ್ಕರೆ ಒಂದೇ, ಅದನ್ನ ಮುರಿಯೋ ದಾರಿ ಬೇರೆ ಬೇರೆ. ಮೊಸರಿನ ಬ್ಯಾಕ್ಟೀರಿಯಾ ಸಕ್ಕರೆನ ನೇರವಾಗಿ ಹುಳಿ ಮಾಡ್ತವೆ, ಗಾಳಿ ಬಿಡಲ್ಲ. ಕೋಸಿನ ಪೀಪಾಯಿಯವು ಇನ್ನೊಂದು ದಾರಿ ಹಿಡೀತವೆ — ಅರ್ಧ ಹುಳಿ, ಮಿಕ್ಕಿದ್ದು ಗಾಳಿ, ಚೂರು ಮದ್ಯ. ಪೀಪಾಯಿ ಗುಳುಗುಳು ಅನ್ನೋದು ಅದಕ್ಕೇ."

"ಸೌಟಿನ ಒಂದು ಹನಿಯಿಂದ ಇಷ್ಟೆಲ್ಲ?" ನಾನು ಕೇಳಿದೆ.

"ಬೆಚ್ಚಗಿದ್ದಿದ್ರೆ ನಮ್ಮವೇ ಗೆಲ್ತಿದ್ವು. ತಣ್ಣಗಾಯ್ತು, ನಮ್ಮವು ಮಲಗಿದವು, ಅವು ಎದ್ದವು. ನೀವೆಲ್ಲ ಗಡಿಗೆಯೊಳಗೇ ನೋಡಿದ್ರಿ. ಹೊರಗೆ ಇಲ್ಲದ್ದನ್ನ ನೋಡಲಿಲ್ಲ. ಶಾಲು ಎಲ್ಲಿ?" ಪೇನಾ ನಿಧಾನವಾಗಿ ಮೂಲೆಯತ್ತ ತಿರುಗಿದಳು. "ಸ್ತಾನ್ಕಾಳ ಶಾಲು ಕೆಂಪು. ನಿನ್ನ ಸ್ವೆಟರಿನ ಮೇಲಿರೋ ಎಳೆಯೂ ಕೆಂಪು. ಅಲ್ವಾ, ಮಾನೋಲ್?"

ಅವನ ಬೆರಳು ನಿಂತಿತು.

"ಆ ಸೌಟಲ್ಲೇ ಗಡಿಗೆಯಿಂದ ಬಿಸಿಹಾಲು ತಗೊಂಡು ಕುಡಿದೆ," ಎಂದ. "ಹೆಪ್ಪು ಹಾಕಿದ ಮೇಲೆ ಅವಳು ದಿನಾ ಕೊಡ್ತಿದ್ದಳಲ್ಲ... ಶಾಲು ಮುಟ್ಟಿದೆ. ಅವಳ ವಾಸನೆ ಇನ್ನೂ ಇತ್ತು. ಗಡಿಗೆಗೆ ಗೋಣಿ ಸುತ್ತಿ, ಅದನ್ನ ಹಾಸಿಗೆಗೆ ತಗೊಂಡು ಹೋದೆ."

"ಇವಳನ್ನ ಬೈಯುವಾಗ ಹೇಳಬಾರದಿತ್ತೇನಪ್ಪಾ?" ರುಸ್ಕಾಳ ದನಿ ಬಿದ್ದುಹೋಗಿತ್ತು.

"ಅವಳ ಕೊನೆಯದನ್ನೂ ನಾನೇ ಕೊಂದೆ ಅಂತ ಹೇಗೆ ಹೇಳಲಿ?"

"ಅತ್ತೆ ಕೊಟ್ಟ ಹೆಪ್ಪು ನಿನ್ನ ಮನೇಲಿ ಇಲ್ವಾ ಚಿಕ್ಕಮ್ಮಾ?" ಸೆವ್ದಾ ಮೆಲ್ಲಗೆ ಕೇಳಿದಳು.

ಪೇನಾ ಇಲ್ಲವೆಂದು ತಲೆಯಾಡಿಸಿದಳು. "ಇತ್ತು. ಹೋದ ಚಳಿಗಾಲ ನಾನು ಆಸ್ಪತ್ರೆ ಸೇರಿದಾಗ ಹೋಯ್ತು."

ಮಾನೋಲ್ ಒಳಗೆ ಹೋಗಿ ಶಾಲು ತಂದ. ಮಡಿಸಿ ಸೊಸೆಯ ಮುಂದೆ ಹಿಡಿದ. ಅವಳು ಅದನ್ನು ಬಿಡಿಸಿ ಅವನ ಹೆಗಲಿಗೇ ಹೊದಿಸಿದಳು.

"ಗಡಿಗೆಗೆ ಇನ್ನು ಬೇಡ, ಮಾವ."

ರುಸ್ಕಾ ತಾಯಿಯ ಮೊಸರಿನ ಬಟ್ಟಲನ್ನು ಕಪಾಟಿನಿಂದ ತೆಗೆದಳು. ತುಂಬ ಹೊತ್ತು ಒರೆಸಿದಳು. ಆಮೇಲೆ ಸೆವ್ದಾಳ ಕೈಗಿತ್ತಳು.

"ನಾಳೆ ಖಾಲಿಯೇ ಇರಲಿ. ಮೇಜಿನ ಮೇಲೆ ನೀನೇ ಇಡು ಅತ್ತಿಗೆ. ನಾಡಿದ್ದು ಈ ಕಪಾಟಿಗೆ ತೆಗೆದಿಡೋದೂ ನೀನೇ, ಆಮೇಲೂ ನೀನೇ."