ಹಾಯಿಕಂಬದ ಬುಡದ ಸೀಸ

"ದೋಣಿ ತಗೊಳ್ಳಮ್ಮ, ಬೇಡ ಅನ್ನಲ್ಲ. ಹಾಯಿಕಂಬದ ಬುಡದಲ್ಲಿರೋ ಆ ಗಂಟನ್ನ ಮಾತ್ರ ಮುಟ್ಟಬೇಡ," ಎಂದಳು ದೋಣಿ ಮಾರುವ ಅಜ್ಜಿ. "ನಮ್ಮ ಯಜಮಾನ್ರು ಎಲ್ಲಾ ಪಂದ್ಯ ಗೆಲ್ತಾರೆ ಅಂತ ಹೊಟ್ಟೆಕಿಚ್ಚಿಗೆ ಯಾರೋ ಮಾಡಿಸಿಟ್ಟ ಮಾಟ. ಹೊರಗೆ ಎಸೆದ್ರೆ ಅಷ್ಟೇ ಭಾರಾನ ದೋಣಿ ಮನುಷ್ಯರಿಂದ ವಸೂಲಿ ಮಾಡುತ್ತಂತೆ. ಅವರು ಮುಟ್ಟಲಿಲ್ಲ. ಸೋತೂ ಸೋತೂ, ಕೊನೆಗೆ ಹಾಸಿಗೆ ಮೇಲೆ ನೆಮ್ಮದಿಯಾಗಿ ಸತ್ರು."

ದೋಣಿ ಕೊಳ್ಳಲು ಬಂದಿದ್ದ ಹಲ್ಲಿನ ಡಾಕ್ಟರಮ್ಮ ನಕ್ಕ ನಗುವಿಗೆ ಮೂರು ಬಂದರುಗಳ ಹಕ್ಕಿಗಳು ಹಾರಿಹೋದವು. ಅವಳು ಗದರಿದರೆ ದವಡೆಹಲ್ಲು ತಾನಾಗಿಯೇ ಹೊರಬರುತ್ತಿತ್ತು. ಅಂಥವಳು ಗಂಟಿಗೆ ಹೆದರುವುದೇ?

ಲೋಕದ ಹಳೆಯ ದೋಣಿಗಳನ್ನೆಲ್ಲ ಗಂಡ ಹೆಂಡತಿ ನೋಡಿ ಮುಗಿಸಿದ್ದರು. ಓಡುವ ದೋಣಿಯಲ್ಲಿ ಮಲಗಲು ಜಾಗವಿಲ್ಲ. ಮಂಚವಿದ್ದ ದೋಣಿಗಳು ಮಂಚದಂತೆಯೇ ಕದಲುತ್ತಿರಲಿಲ್ಲ. ಇದೊಂದರಲ್ಲೇ ರಜೆಯಲ್ಲಿ ದೂರ ಹೋಗಲು ಗಂಡನಿಗೆ ಹಾಸಿಗೆ, ಒಲೆ. ಭಾನುವಾರದ ಕ್ಲಬ್ ಪಂದ್ಯಕ್ಕೆ ಅವಳಿಗೆ ದೋಣಿಯ ಸಪೂರ ಒಡಲು, ಎತ್ತರದ ಕಂಬ.

ಪಂದ್ಯದ ಬೆಳಿಗ್ಗೆ ದೋಣಿ ಹಗುರ ಮಾಡಲು ಅವಳು ಒಲೆ, ಹಾಸಿಗೆ, ಕೆಟಲ್ ಎಲ್ಲವನ್ನೂ ದಡಕ್ಕೆ ಹಾಕಿದಳು.

"ಕೊನೆಗೆ ನನ್ನನ್ನೂ ಇಳಿಸ್ತೀಯೇನೇ?"

"ನೀವು ಬೇಕು ರೀ. ಗಾಳಿ ಬರೋ ಕಡೆ ಅಂಚಿನಲ್ಲಿ ಕೂತ್ಕೊಳ್ಳಿ. ದೋಣಿ ವಾಲದ ಹಾಗೆ ಹಿಡಿಯೋಕೆ ನಿಮ್ಮ ಹೊಟ್ಟೆಗಿಂತ ಒಳ್ಳೇ ಭಾರ ಎಲ್ಲಿ ಸಿಗುತ್ತೆ?"

ಆಮೇಲೆ ಹಲ್ಲು ಕೀಳುವ ಇಕ್ಕಳ ಹಿಡಿದು ಕಂಬದ ಬುಡಕ್ಕೆ ಬಗ್ಗಿದಳು. ಕೂದಲು ಸುತ್ತಿದ ಸೀಸದ ಗಂಟು. ಸುಟ್ಟ ಕೂದಲಿನ ನಾತ. ಹಲ್ಲು ಕಿತ್ತಂತೆ ಕಿತ್ತು, ಬಲಗೈಯಲ್ಲಿ ಸಮುದ್ರಕ್ಕೆ ಎಸೆದಳು.

ದೋಣಿ ನೀರು ಮುಟ್ಟುವುದನ್ನೇ ಮರೆತು ಓಡಿತು. ಉಳಿದ ಹಾಯಿಗಳು ಹಿಂದೆ ಕರವಸ್ತ್ರಗಳಂತೆ ಕಂಡವು. ಗೆಲುವಿನ ಗೆರೆ ಕಣ್ಣೆದುರೇ ಇದ್ದಾಗ ಗಂಡ ಇನ್ನೊಂದು ಹಾಯಿ ತರಲು ಕೆಳಗಿಳಿದ.

ಮತ್ತೆ ಅದೇ ನಾತ.

"ಏಯ್... ಕಾಲು ಎತ್ತೋಕಾಗ್ತಿಲ್ಲ ಕಣೇ!"

ಇಣುಕಿದಳು. ಕೆಳಗೆ ಕತ್ತಲು. ಗಂಡನ ಪಾದಗಳು ಬೂದುಬಣ್ಣ. ಬೆರಳುಗಳು ಕಂಬದ ಬುಡಕ್ಕೆ ಅಂಟಿವೆ. ಹಲಗೆ ನರಳಿತು. ಒಳಗೆ ಹನಿ ನೀರಿಲ್ಲ. ಆದರೂ ದೋಣಿ ಮುಳುಗುತ್ತಿದೆ. ಬೂದು ಮೊಣಕಾಲಿಗೇರಿತು. ತೊಡೆಗೆ. ಗೆಲುವಿನ ಗೆರೆ ಇನ್ನೇನು ಬಂತು.

ಅವಳು ಚುಕ್ಕಾಣಿ ಬಿಟ್ಟಳು. ಹಾಯಿ ಪಟಪಟ ಹೊಡೆದುಕೊಂಡಿತು. ಹಿಂದಿದ್ದವರೆಲ್ಲ ದಾಟಿದರು. ಕೆಳಗೆ ಹಾರಿ, ಗಂಟಿದ್ದ ಕುಳಿಗೆ ಬಲಗೈ ತುರುಕಿದಳು.

"ಕಿತ್ತಿದ್ದು ಈ ಕೈ! ಅವರನ್ನ ಬಿಡು. ತಾಕತ್ತಿದ್ರೆ ನನ್ನ ಹತ್ರ ವಸೂಲಿ ಮಾಡು!"

ಕುಳಿ ಕಚ್ಚಿತು. ಹಲ್ಲುಗಳಂತೆ. ಚಳಿ ಮಣಿಕಟ್ಟಿಗೆ. ಮೊಣಕೈಗೆ. ಗಂಡನ ಕಾಲು ಸಡಿಲವಾಯಿತು, ದೋಣಿ ಮತ್ತೆ ತೇಲಿತು.

ಆ ಕೈ ಮತ್ತೆ ಮಡಚಲಿಲ್ಲ. ಬೂದು, ತಣ್ಣಗೆ, ಸೀಸದಷ್ಟೇ ಭಾರ. ಇನ್ನು ಹಲ್ಲು ಕೀಳುವ ಮಾತಿಲ್ಲ; ಕ್ಲಿನಿಕ್ಕಿನ ಬಾಗಿಲು ಮುಚ್ಚಿತು.

"ಹೇಳಿರ್ಲಿಲ್ವೇನಮ್ಮ? ಇನ್ನಾದ್ರೂ ಆ ದೋಣಿ ಮಾರ್ಬಿಡು," ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

"ಮಾರೋದಾ? ವಸೂಲಿ ಮುಗೀತಲ್ಲ ಅಜ್ಜಿ. ಇನ್ನು ದೋಣಿ ನಂದು."

ಮುಂದಿನ ಭಾನುವಾರ ಚುಕ್ಕಾಣಿ ಗಂಡನ ಕೈಯಲ್ಲಿತ್ತು. ಅವಳು ಗಾಳಿಯ ಕಡೆಯ ಅಂಚಿನಲ್ಲಿ ಕೂತು ಸೀಸದ ತೋಳನ್ನು ಹೊರಗೆ ಚಾಚಿದಳು. ಎಲ್ಲರ ದೋಣಿಗಳೂ ವಾಲಿದವು. ಅವಳದೊಂದೇ ನೆಟ್ಟಗೆ ಓಡಿತು.

ಗೆದ್ದ ಬಹುಮಾನದ ಬಟ್ಟಲನ್ನು ಎಡಗೈಯಲ್ಲಿ ಎತ್ತಿದಳು.