ಏಳನೇ ನಂಬರಿನ ಶುಚಿಮೀನು

ನೇತ್ರಾಣಿ ದ್ವೀಪದ ಹವಳದ ದಿಬ್ಬದಲ್ಲಿ ಒಂದು ಗೋಬ್ರ ಮೀನು ಬಾಯಿ ತೆರೆದು ನಿಂತಿತ್ತು. ಬೆರಳುದ್ದದ ಯಂತ್ರವೊಂದು ಅದರ ಕಿವಿರಿನೊಳಗೆ ನುಗ್ಗಿ, ರಕ್ತ ಹೀರುವ ಹುಳಗಳನ್ನು ಕಿತ್ತು ಹೊರಬಂದಿತು. ನಲವತ್ತು ಸೆಕೆಂಡಿನ ಕೆಲಸ.

ಹಿಂದೆ ಇದನ್ನು ಒಂದು ಪುಟ್ಟ ನೀಲಿ ಮೀನು ಮಾಡುತ್ತಿತ್ತು. ಸಮುದ್ರ ಬಿಸಿಯಾದಾಗ ಮೊದಲು ಸತ್ತದ್ದು ಅದು, ಹುಳಗಳು ಉಳಿದವು. ಅದರ ಜಾಗಕ್ಕೆ ವಿಜ್ಞಾನಿ ಯಮುನಾ ಶಾನಭಾಗ ಹನ್ನೆರಡು ‘ಶುಚಿಮೀನು’ಗಳನ್ನು ಮಾಡಿದ್ದಳು. ಆದರೆ ಒಮ್ಮೆ ಬಂದ ಮೀನು ಮತ್ತೆ ಬರುತ್ತಿರಲಿಲ್ಲ. ಮಳೆಗಾಲದೊಳಗೆ ಅವು ಮರಳದಿದ್ದರೆ ಯೋಜನೆ ನಿಲ್ಲುತ್ತದೆ, ದಿಬ್ಬ ಹುಳಗಳ ಪಾಲಾಗುತ್ತದೆ.

ಏಳನೇ ನಂಬರಿನ ಯಂತ್ರದ ಮುಂದೆ ಮಾತ್ರ ದಿನವೂ ಮೀನುಗಳ ಸಾಲು.

“ಏಳಕ್ಕೆ ಎಂತ ಮಾಡಿದಿರಿ?” ದೋಣಿಯಲ್ಲಿ ಯಮುನಾ ಕೇಳಿದಳು.

ಯಂತ್ರಗಳನ್ನು ನೀರಿಗಿಳಿಸುವ ಜಟ್ಟಪ್ಪ ಮೊಗೇರ ತಲೆ ಕೆರೆದುಕೊಂಡ. “ಬೈಬೇಡಿ ಅಮ್ಮಾ. ಬಲೆಯ ಬೆಂಡಿಗೆ ಗುರುತಿಗೆ ಬಟ್ಟೆ ಕಟ್ತೇವಲ್ಲ, ಅದೇ ಅಭ್ಯಾಸ. ಹೆಂಡತಿ ಸೀರೆಯ ಚೂರು.”

“ಅವರು ಬೈಯಲಿಲ್ಲವಾ?”

“ಬೈಯಲಿಕ್ಕೆ ಅವಳೆಲ್ಲಿ? ಹೋಗಿ ಮೂರು ಮಳೆಗಾಲ ಆಯ್ತು.”

ಯಮುನಾ ನೀರಿನಡಿಯ ಕ್ಯಾಮೆರಾದ ಪರದೆಯತ್ತ ತಿರುಗಿದಳು. ನೀರಿನಲ್ಲಿ ಬಟ್ಟೆಯ ಚೂರು ಗೋಬ್ರದ ಹೊಟ್ಟೆಯನ್ನು ಸವರುತ್ತಿತ್ತು. ನೀಲಿ ಮೀನೂ ಹೀಗೆಯೇ ರೆಕ್ಕೆಯಿಂದ ಸವರುತ್ತಿತ್ತೆಂದು ಅವಳು ಓದಿದ್ದಳು. ಯಂತ್ರ ಮಾಡುವಾಗ ಹುಳಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದಳು.

ಯಂತ್ರ ಥಟ್ಟನೆ ಹಿಂದೆ ಸರಿಯಿತು. ಹುಳವಿಲ್ಲದ ಮೀನನ್ನು ಬಿಟ್ಟು ಮುಂದೆ ಹೋಗಬೇಕೆಂಬುದು ಅವಳೇ ಹಾಕಿದ ನಿಯಮ. ಗೋಬ್ರ ಅದರ ಹಿಂದೆಯೇ ಹೊರಟಿತು.

“ಇದಕ್ಕೆ ಒಂದೂ ಹುಳ ಇಲ್ಲ ಜಟ್ಟಪ್ಪ. ಮತ್ತೆ ಯಾಕೆ ಬರುತ್ತದೆ?”

“ಸಣ್ಣವರಿದ್ದಾಗ ನಿಮ್ಮಮ್ಮ ಹೇನು ನೋಡ್ತಿದ್ರಲ್ಲ? ಹೇನು ಮುಗಿದ ಕೂಡಲೇ ಎದ್ದು ಹೋಗ್ತಿದ್ರಾ ನೀವು?”

ಅವಳು ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲೆ. ಅಂದೇ ಆ ನಿಯಮವನ್ನು ಅಳಿಸಿದಳು.

ಮರುದಿನ ಬೆಳಿಗ್ಗೆ ಜಟ್ಟಪ್ಪ ಮಿಕ್ಕ ಯಂತ್ರಗಳಿಗೂ ಕಟ್ಟಲೆಂದು ಉಳಿದ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. “ಬೇಡ, ಇಟ್ಟುಕೊಳ್ಳಿ,” ಎಂದು ಯಮುನಾ ಚೀಲದಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿ ತೆಗೆದಳು. “ನಮ್ಮವರದ್ದು. ಎರಡು ವರ್ಷದಿಂದ ಬೀರುವಿನಲ್ಲೇ ಇತ್ತು.”

ಜಟ್ಟಪ್ಪ ಸೀರೆಯನ್ನು ಬದಿಗಿಟ್ಟ. ಅಂಗಿಯ ಒಂದು ತುದಿ ಹಿಡಿದ. ಇಬ್ಬರೂ ಸೇರಿ ಹನ್ನೊಂದು ಪಟ್ಟಿ ಹರಿದರು.

ಮಳೆಗಾಲಕ್ಕೆ ಮುಂಚೆ ಹನ್ನೆರಡು ಯಂತ್ರಗಳ ಮುಂದೆಯೂ ಮೀನುಗಳ ಸಾಲುಗಳಾದವು. ಯಮುನಾ ವರದಿ ಕಳಿಸಿದಳು. ಗೋಬ್ರ: ನಿಂತ ಅವಧಿ, ಹನ್ನೊಂದು ನಿಮಿಷ. ತೆಗೆದ ಹುಳ, ಸೊನ್ನೆ. ಬಂದ ಕಾರಣ ಎಂಬಲ್ಲಿ ತುಸು ಯೋಚಿಸಿ ಬರೆದಿದ್ದಳು: ಹೇನು ನೋಡಿಸಿಕೊಳ್ಳಲು.