ಏಸಾವನ ಹಾಳೆ

ದಾನಪ್ಪ ಮತ್ತೆ ನಮ್ಮ ಮನೆಯ ಹೊಸ್ತಿಲು ತುಳಿದದ್ದು ನನ್ನನ್ನು ಮದುವೆಗೆ ಕೇಳಲಿಕ್ಕಲ್ಲ, ಹಾಸು ಕೆಚ್ಚಲಿಕ್ಕೆ.

ಮಗ್ಗದ ಮೇಲೆ ಉದ್ದಕ್ಕೆ ಹಾಯಿಸಿದ ಹಳೆಯ ಹಾಸು ಮುಗಿದಿತ್ತು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಕೂಡಿಸುವುದಕ್ಕೆ ನಾವು ಕೆಚ್ಚುವುದು ಎನ್ನುತ್ತೇವೆ. ಒಬ್ಬರು ಎಳೆ ಬಿಡಿಸಿ ಕೊಡಬೇಕು, ಎದುರಿಗೆ ಕೂತವರು ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯಬೇಕು. ಅಪ್ಪನ ಬಲಗೈ ಸುಗ್ಗಿಯಿಂದ ಈಚೆಗೆ ಏಳುತ್ತಿರಲಿಲ್ಲ. ಊರೂರು ತಿರುಗಿ ಸೀರೆ ಮಾರುವ ನೆರೆಮನೆಯ ಯಂಕವ್ವ ರಬಕವಿಗೆ ಯಾರ ಕೈಯಲ್ಲೋ ಹೇಳಿ ಕಳಿಸಿದಳು. ಬಂದವನು ಇವನು.

"ಬ್ಯಾರೆ ಯಾರೂ ಸಿಗಲಿಲ್ಲೇನ್ರಿ ಯಂಕವ್ವಗ?" ಎಂದೆ.

"ಸಿಕ್ಕಿದ್ರು. ನಾನ ಅವರನ್ನ ಹೊಳ್ಳಿ ಕಳಿಸಿ ಬಂದೆ."

ನಗಬಾರದೆಂದು ತುಟಿ ಕಚ್ಚಿಕೊಂಡೆ. ಅವನ ಕಿವಿಯ ಮೇಲೆ ನರೆ ಬಂದಿತ್ತು. ನನಗೂ ಬಂದಿತ್ತು, ಆದರೆ ತಲೆಯ ಮೇಲೆ ಸೆರಗು ಇದ್ದದ್ದರಿಂದ ನನ್ನದು ಕಾಣುತ್ತಿರಲಿಲ್ಲ.

ಎದುರುಬದುರು ಕೂತೆವು. ನಡುವೆ ಎಳೆಗಳ ಪರದೆ. ನಾನು ಎಳೆ ಕೊಟ್ಟಾಗ ಅವನ ಬೂದಿ ಬೆರಳು ನನ್ನ ಬೆರಳಿಗೆ ತಾಗುತ್ತಿತ್ತು. ತಾಗಿದ್ದು ಇಬ್ಬರಿಗೂ ಗೊತ್ತು, ಇಬ್ಬರೂ ಗೊತ್ತಿಲ್ಲದವರ ಹಾಗೆ ಇದ್ದೆವು. ನನಗೆ ಅದರಲ್ಲೂ ಸುಖಕ್ಕಿಂತ ದಣಿವೇ ಹೆಚ್ಚಾಗಿತ್ತು. ಬೇಡವೆಂದು ಕಟ್ಟಿಟ್ಟ ಆಸೆಯನ್ನು ಮತ್ತೆ ಬಿಚ್ಚುವುದಕ್ಕೂ ಒಂದು ಬಲ ಬೇಕಲ್ಲ.

ನಾವು ಗುಳೇದಗುಡ್ಡದಿಂದ ಬನಹಟ್ಟಿಗೆ ಬಂದ ಕಿರಿಸ್ತಾನ ನೇಕಾರರು. ಊರಲ್ಲಿ ನಮ್ಮ ಸಭೆಯೆಂದರೆ ನಾಲ್ಕಾರು ಮನೆ. ಅಪ್ಪ ಅಬ್ರಾಮಪ್ಪನಿಗೆ ಒಂದು ಪದ್ಧತಿ ಇತ್ತು. ಮನೆಯಲ್ಲಿ ದೊಡ್ಡ ಮಾತು ಬಂದರೆ ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ, ಸತ್ಯವೇದವನ್ನು ತೆರೆದು ಹಾಳೆಯ ಮೇಲೆ ಬೆರಳಿಡುತ್ತಿದ್ದ. ಬೆರಳು ಬಿದ್ದ ವಚನವೇ ದೇವರ ಮಾತು. ಅದರ ಮೇಲೆ ಮಾತಿಲ್ಲ.

ದಾನಪ್ಪ ಮೊದಲ ಸಲ ನನ್ನನ್ನು ಕೇಳಿದಾಗ ಬೆರಳು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ ಬಿತ್ತು. ಯಾಕೋಬನನ್ನು ಪ್ರೀತಿಸಿದೆ, ಏಸಾವನನ್ನು ದ್ವೇಷಿಸಿದೆ ಎಂದು ದೇವರು ಹೇಳಿದ ಸಾಲು. ಏಸಾವ ಅಣ್ಣ, ಯಾಕೋಬ ತಮ್ಮ; ಆ ಅವಳಿ ಮಕ್ಕಳು ಇನ್ನೂ ಹುಟ್ಟುವ ಮೊದಲೇ ಆದ ತೀರ್ಮಾನ ಅದು. ದಾನಪ್ಪ ತಲೆ ತಗ್ಗಿಸಿ ಎದ್ದುಹೋದ. ರಬಕವಿ ಸಾಂಗಲಿ ರಾಜರ ಸೀಮೆ, ನಮ್ಮದು ಜಮಖಂಡಿ ರಾಜರದು. ಕೂಗಿದರೆ ಕೇಳುವಷ್ಟು ಹತ್ತಿರದ ಊರು, ಆದರೆ ಅವನು ಬೇರೆ ರಾಜ್ಯಕ್ಕೆ ಹೋದನೆಂದು ನಾನು ಅತ್ತೆ.

ಆಮೇಲೆ ಬೀಳಗಿಯ ಕಡೆಯಿಂದ ಒಂದು ಗಂಡು, ವಿಜಾಪುರದಿಂದ ಒಬ್ಬ ಮಾಸ್ತರು. ಬೆರಳು ಮತ್ತೆ ಅದೇ ಹಾಳೆಗೆ. ಒಮ್ಮೆ ದೇವರೇ ಕಲ್ಲಾಗಿಸಿದ ಫರೋಹನ ಮನಸ್ಸು, ಒಮ್ಮೆ ಕುಂಬಾರ ಹೀನ ಕೆಲಸಕ್ಕೆಂದು ಮಾಡಿದ ಗಡಿಗೆ. "ಮೊದಲ ನೇಮಿಸಿದ್ದು ಯವ್ವಾ, ಏನ್ ಮಾಡೂದು," ಎಂದು ಅಪ್ಪ ಕಣ್ಣೊರೆಸಿಕೊಂಡ. ನನ್ನನ್ನು ಕೇಳಿಕೊಂಡು ಬರುವವರು ನಿಂತುಹೋದರು. ನಾನು ಆ ಗಡಿಗೆಯೇ ಇರಬೇಕೆಂದು ಒಪ್ಪಿಕೊಂಡು ಲಾಳಿ ಎಸೆಯುತ್ತಾ ಕೂತೆ.

ಓದಲು ಶುರು ಮಾಡಿದ್ದು ಭಕ್ತಿಯಿಂದಲ್ಲ, ಸಿಟ್ಟಿನಿಂದ. ಏಸಾವ ಅಂಥದ್ದೇನು ಮಾಡಿದ್ದ? ತಿಂಗಳಿಗೊಮ್ಮೆ ಬರುವ ಉಪದೇಶಿಯನ್ನು ಕೇಳಿದರೆ, "ಗಡಿಗಿ ಕುಂಬಾರನ್ನ ಪ್ರಶ್ನೆ ಕೇಳಬಾರದವ್ವಾ," ಎಂದರು. ನಮ್ಮ ಓಣಿಯ ಕುಂಬಾರ ಶೇವಂತಿ ಒಂದು ಗಡಿಗೆ ಒಡೆದರೆ ಹೊತ್ತು ಮುಳುಗುವ ತನಕ ಕೊರಗುತ್ತಾಳೆ. ದೇವರು ಆಕೆಗಿಂತ ಕಲ್ಲೆದೆಯವನೇ? ಇದನ್ನು ಉಪದೇಶಿಗೆ ಹೇಳುವ ಧೈರ್ಯ ಬರಲಿಲ್ಲ. ಮಧ್ಯಾಹ್ನ ಅಪ್ಪ ಅಡ್ಡಾದಾಗ ಒಬ್ಬಳೇ ಪುಸ್ತಕ ತೆಗೆದು ಕೂರುತ್ತಿದ್ದೆ. ಎಷ್ಟೋ ದಿನ ಒಂದು ಸಾಲಿನ ಮೇಲೆಯೇ ತೂಕಡಿಸಿದ್ದೂ ಉಂಟು.

"ಇನ್ನೂ ಓದತೀಯೇನು?" ದಾನಪ್ಪ ಕೇಳಿದ. ಅಪ್ಪ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ.

"ನಿಮಗ ಯಾರ್ ಹೇಳಿದ್ರು?"

"ಯಂಕವ್ವ. ನಿನ್ನ ಸುದ್ದಿ ಕೇಳಾಕಂತ ಆಕಿ ಕಡೆಯಿಂದ ಎಷ್ಟು ಸೀರಿ ಕೊಂಡೇನೊ, ಉಡಾವರ ಇಲ್ಲ ಮನ್ಯಾಗ."

ಎಳೆ ನನ್ನ ಕೈಯಿಂದ ಜಾರಿತು. ಅವನು ಹೆಕ್ಕಿಕೊಟ್ಟ.

"ಆ ಹಾಳಿ ನಾನೂ ಓದೇನಿ," ಎಂದ ಅವನು, ದನಿ ಇಳಿಸಿ. "ನಾನ ಏಸಾವ ಅಂತ ನಂಬೀನಿ, ಸತ್ಯವ್ವ. ಪ್ರಾರ್ಥನಿಗೆ ಹೋದ್ರೂ ಬಾಗಿಲ ಬಾಜೂಕ ಕೂಡತೀನಿ. ಬ್ಯಾಡಾದಾಂವ ಮುಂದ ಹೋಗಿ ಯಾಕ ಕೂಡಬೇಕು?"

ನಾನೊಬ್ಬಳೇ ಆ ಹಾಳೆಯ ಕೆಳಗೆ ಸಿಕ್ಕಿಕೊಂಡಿದ್ದೇನೆ ಅಂದುಕೊಂಡಿದ್ದೆ.

"ಮುಂದಿನ ಹಾಳಿ ತಿರುವಿ ನೋಡೀರೇನು?"

"ಇಲ್ಲ. ಅಷ್ಟ ಸಾಕಾತು ನನಗ."

"ತಿರುವಬೇಕಿತ್ತು. ಅದ ಪತ್ರಿಕಿಯೊಳಗ ಆ ಮಾತು ಮುಂದ ಹೋಗಿ, ದೇವರು ಎಲ್ಲಾರಿಗೂ ಕರುಣಾ ತೋರಸ್ತಾನ ಅಂತ ಮುಗಿತೈತಿ. ಎಲ್ಲಾರಿಗೂ. ಆಮ್ಯಾಲೆ ನಾ ಆದಿಕಾಂಡಕ್ಕ ಹೋಗಿ ಏಸಾವನ ಕಥಿ ಓದಿದೆ. ಮೋಸ ಮಾಡಿದ ತಮ್ಮ ಅಂಜಿಕೋತ ಬರೂವಾಗ, ಈ ಬ್ಯಾಡಾದ ಅಣ್ಣ ಓಡಿ ಹೋಗಿ ತಬ್ಬಕೊಂಡು ಅಳತಾನ. ನಿನ್ನ ಮಾರಿ ನೋಡಿದ್ರ ದೇವರ ಮಾರಿ ನೋಡಿಧಂಗ ಆತು ಅಂತಾನ ತಮ್ಮ. ದೇವರು ಆರಿಸಿಕೊಂಡಾಂವ ಹೇಳೂ ಮಾತದು."

ಅವನ ಬೆರಳು ನಿಂತಿತು.

"ನಾ ನಂಬೂದು ಇಷ್ಟ," ಎಂದೆ. "ದೇವರು ಒಬ್ಬನ್ನ ಕೆಲಸಕ್ಕ ಆರಸ್ತಾನ. ಉಳದವರನ್ನ ಒಗದಾನ ಅಂತ ಅರ್ಥ ಅಲ್ಲ. ಮೊದಲ ನೇಮಿಸಿದ್ದು ಏನರ ಇದ್ರ ಅದು ಕರುಣಾ. ಇದನ್ನ ಯಾರೂ ನನಗ ಕಲಿಸಿಲ್ಲ, ತಪ್ಪಿದ್ರೂ ಇರಬಹುದು."

"ಅಂದ್ರ ಹಾಸು ಅವಂದು, ಹೊಕ್ಕು ನಮ್ಮದು..."

"ಮಗ್ಗದ ಮಾತ ಬ್ಯಾಡ್ರಿ. ನೇಕಾರರಂತ ಎಲ್ಲಾ ಉಪದೇಶಿಗಳೂ ಅದನ್ನ ಹೇಳ್ತಾರ, ಕೇಳಿ ಕೇಳಿ ಸಾಕಾಗೇತಿ."

ಅವನು ನಕ್ಕ. ಮೊದಲಿನ ನಗೆ ಇನ್ನೂ ಹಾಗೇ ಇತ್ತು. ಮುಂದಿನ ಎಳೆ ಹೊಸೆಯುತ್ತಾ, "ಇನ್ನೊಮ್ಮೆ ಕೇಳಲೇನು ಕಾಕಾರನ್ನ?" ಎಂದ.

ನನಗೆ ಹೆದರಿಕೆಯಾಯಿತು. ಇನ್ನೊಂದು ಸಂಗತಿ ನನಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಓದು ಮುಗಿಸಿ ಪುಸ್ತಕವನ್ನು ಬೆನ್ನ ಮೇಲೆ ನಿಲ್ಲಿಸಿ ಕೈಬಿಟ್ಟಿದ್ದೆ. ಅದು ತಾನಾಗಿ ಆ ಹಾಳೆಗೇ ತೆರೆದುಕೊಂಡಿತು. ಮತ್ತೆ ಮುಚ್ಚಿ ಬಿಟ್ಟೆ, ಮತ್ತೆ ಅಲ್ಲಿಗೇ. ಅಲ್ಲಿ ಹೊಲಿಗೆಯ ದಾರ ಹರಿದು ಬೆನ್ನು ಸೀಳಿತ್ತು. ಯಾರು ಸೀಳಿದ್ದೆಂದು ನೆನಪಾಗುವುದಕ್ಕೆ ಹೊತ್ತು ಹಿಡಿಯಲಿಲ್ಲ. ಅವ್ವ ಹೆರಿಗೆಯಲ್ಲಿ ಕೂಸಿನ ಸಮೇತ ಹೋದಾಗ ಅಪ್ಪ ತಿಂಗಳುಗಟ್ಟಲೆ ಅದನ್ನು ತೆರೆದು ತೊಡೆಯ ಮೇಲೆ ಮಗುಚಿಕೊಂಡು ಕೂತಿರುತ್ತಿದ್ದ. ನಾನು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಇದನ್ನು ಹೇಳಿ ಆ ಮುದುಕನ ದುಃಖವನ್ನು ಕೆದಕಲು ನನಗೆ ಮನಸ್ಸು ಬಂದಿರಲಿಲ್ಲ.

"ಕೇಳ್ರಿ," ಎಂದೆ. ಕಾಯುವ ಶಕ್ತಿ ಮುಗಿದಿತ್ತು.

ದಾನಪ್ಪ ಬೂದಿ ಕೈಯಲ್ಲೇ ಹೋಗಿ ಹೊರಸಿನ ಹತ್ತಿರ ನಿಂತ. "ಕಾಕಾರ, ಸತ್ಯವ್ವನ್ನ ಕೊಡ್ರಿ ಅಂತ ಮತ್ತ ಕೇಳಾಕತ್ತೇನ್ರಿ."

ಅಪ್ಪ ನನ್ನ ಕಡೆ ತಿರುಗಿದ. "ಪುಸ್ತಕ ತಾ ಯವ್ವಾ. ನನ್ನ ಕೈ ಏಳೂದಿಲ್ಲ. ನೀನ ಕಣ್ಣ ಮುಚ್ಚಿ ತಗಿ."

ಪುಸ್ತಕ ತಂದೆ. ಕಣ್ಣು ಮುಚ್ಚಿದರೆ ಯಾವ ಹಾಳೆ ಬರುತ್ತದೆಂದು ನನಗೆ ಗೊತ್ತು.

"ನಾ ಕಣ್ಣ ಮುಚ್ಚೂದಿಲ್ಲಪ್ಪಾ."

ಕಣ್ಣು ತೆರೆದೇ ಆದಿಕಾಂಡಕ್ಕೆ ತಿರುವಿ, ಅಣ್ಣ ಓಡಿಬಂದು ತಮ್ಮನನ್ನು ತಬ್ಬಿಕೊಂಡದ್ದನ್ನು ಗಟ್ಟಿಯಾಗಿ ಓದಿದೆ.

"ಇದು ನೀ ಆರಿಸಿದ್ದು," ಎಂದ ಅಪ್ಪ. "ದೇವರು ಆರಿಸಿದ್ದಲ್ಲ."

"ನಾ ಇದನ್ನ ಆರಸ್ತೀನಂತ ಅವಂಗ ಮೊದಲ ಗೊತ್ತಿರಲಿಲ್ಲೇನಪ್ಪಾ?"

ಅಪ್ಪ ಎಡಗೈ ಚಾಚಿ ಪುಸ್ತಕದ ಸೀಳಿದ ಬೆನ್ನನ್ನು ಹುಡುಕಿ ಸವರಿದ. ಅದು ತಾನಾಗಿ ಎಲ್ಲಿ ತೆರೆದುಕೊಳ್ಳುತ್ತದೆಂದು ಅವನಿಗೂ ಗೊತ್ತಿತ್ತೇನೋ, ಎಷ್ಟು ದಿನದಿಂದ ಗೊತ್ತಿತ್ತೋ.

"ನಿಮ್ಮವ್ವ ಹೋದಾಗ ಪತ್ರಿಕಿಯೊಳಗಿನ ಆ ಹಾಳಿಗೆ ಬಂದು ನಿಂತೆ," ಎಂದ. "ಅವಾ ಮೊದಲ ನೇಮಿಸಿದ್ದಂದ್ರ ನನ್ನ ತಪ್ಪೇನಿಲ್ಲ ಅಂತ ಸಮಾಧಾನ ಆಗತಿತ್ತು. ಸೂಲಗಿತ್ತಿನ್ನ ಕರೀಲಿಕ್ಕೆ ತಡಾ ಮಾಡಿದಾಂವ ನಾ. ಮುಂದ ಓದಲಿಲ್ಲ ಯವ್ವಾ. ಓದಾಕ ಅಂಜಿಕಿ ಆತು."

ನಾನು ಹೊರಸಿನ ಪಕ್ಕ ಕೂತೆ. ಇಷ್ಟು ವರ್ಷ ನಮ್ಮ ಮೂವರ ಬದುಕು ಒಂದು ಹಾಳೆ ತಿರುವದೆ ನಿಂತಿತ್ತು.

"ಮುಂದಿಂದು ಓದು," ಎಂದ ಅಪ್ಪ.

ಹೊರಸಿನ ಪಕ್ಕದಲ್ಲೇ ಕೂತು ಆ ಪತ್ರಿಕೆಯ ಮುಂದಿನದನ್ನು ಓದಿದೆ, ಕರುಣೆಯ ಸಾಲಿನವರೆಗೆ. ಓದಿ ತಲೆ ಎತ್ತಿದಾಗ ಅಪ್ಪ ಕಣ್ಣು ಮುಚ್ಚಿದ್ದ, ಕೆನ್ನೆ ಒದ್ದೆಯಾಗಿತ್ತು. "ಕರಕೊಂಡ ಹೋಗಪಾ ದಾನಪ್ಪ," ಎಂದ. "ಹಾಸು ಕೆಚ್ಚಿ ಮುಗಿಸಿ ಹೋಗ್ರಿ."

ಮತ್ತೆ ಎದುರುಬದುರು ಕೂತೆವು. ಬಿಸಿಲು ಇಳಿದು ಎಳೆಗಳ ಮೇಲೆ ಬಿದ್ದಿತ್ತು. ಕುಣಿಯಬೇಕು ಅನ್ನಿಸಲಿಲ್ಲ. ದೂರದಿಂದ ಹೊತ್ತು ತಂದ ನೀರಿನ ಕೊಡ ಇಳಿಸಿದ ಮೇಲೆ ಸೊಂಟಕ್ಕೆ ಆಗುತ್ತದಲ್ಲ, ಅಂಥ ಹಗುರ.

"ಏಸಾವ ಓಡಿ ಬಂದಿದ್ದ," ಎಂದ ದಾನಪ್ಪ, ಎಳೆಯಿಂದ ಕಣ್ಣೆತ್ತದೆ. "ನನಗ ಓಡೂ ಕಸುವು ಉಳದಿಲ್ಲ, ಸತ್ಯವ್ವ. ರಬಕವಿಯಿಂದ ನಡಕೋತನ ಬಂದೇನಿ. ಸಾಕೇನು?"

ನನ್ನ ಬೆರಳಿನಲ್ಲಿದ್ದ ಎಳೆಯನ್ನು ಅವನ ಬೂದಿ ಬೆರಳಿಗೆ ಕೊಟ್ಟೆ. ಈ ಸಲ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಸಾಕ್ರಿ," ಎಂದೆ.